ಹಾರಿಸಲಾರೆ ಎಂದ ಸೊಸೆಗೆ

ನವೆಂಬರ್ ೧೨, ಬುಧವಾರ ಬೆಳಗ್ಗೆ

ಎಲ್ಲೋ ಗಾಢ ನಿದ್ದೆಯಲ್ಲಿರಬಹುದಾದ ನನ್ನ ಸೊಸೆಗೆ,

ನಿನ್ನ ಅತ್ತೆಯ ತುಂಬು ಪ್ರೀತಿ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಗಂಡನ ನೆಗಡಿ ಹೋಯಿತು, ನಿನ್ನ ಮಗಳ ಮುಂದಿನ ಹಲ್ಲು ಹೋಯಿತು, ನನ್ನ ಹೊಲಿಗೆ ಯಂತ್ರದ ಬೆಲ್ಟೂ ಹೋಗಿತ್ತು, ಹೊಸದು ಹಾಕಿಸಿದೆ. ಹೋಗಬೇಕಾದದ್ದೆಲ್ಲ ಹೋಗಿ ಮನೆ ಈಗ ಹಗುರವಾಗಿದೆ.

ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಶಾಲೆಯವರು ಮಕ್ಕಳ ಚಳಿಗಾಲದ ಕೋಟುಗಳನ್ನೆಲ್ಲ ಒಟ್ಟಿಗೇ ತಂದು ಸುರಿದರು, ಗುಂಡಿ ಹಾಕಿ ಹಾಕಿ ಬೆರಳು ಮರಗಟ್ಟಿತ್ತು. ಫೋನ್ ಇರುವಾಗ ಪತ್ರ ಯಾಕಮ್ಮ ಎಂದು ನಿನ್ನ ಗಂಡ ನಗುತ್ತಾನೆ. ನಾನು ಫೋನ್ ಮಾಡಿದಾಗಲೆಲ್ಲ ನೀನು ಒಂದೋ ಮೋಡದ ಮೇಲಿರುತ್ತೀಯ, ಇಲ್ಲ ಹೊದಿಕೆಯ ಕೆಳಗಿರುತ್ತೀಯ. ಪತ್ರವಾದರೆ ಬಂದು ಮೇಜಿನ ಮೇಲೆ ಸುಮ್ಮನೆ ಕೂತಿರುತ್ತದೆ. ನೀನಾಗಿ ಏಳುವ ತನಕ ಅದು ಯಾರನ್ನೂ ಎಬ್ಬಿಸುವುದಿಲ್ಲ.

ಭಾನುವಾರ ನೀನು ಹೇಳಿದ ಸುದ್ದಿ ಇನ್ನೂ ಈ ಮನೆಯಲ್ಲಿ ಓಡಾಡುತ್ತಿದೆ. ಪೈಲಟ್‌ಗಳ ಸಂಬಳ ಏರಿಸುವುದಕ್ಕೆ ಕಂಪನಿ ಕೊನೆಗೂ ಸಹಿ ಹಾಕಿತು, ದಣಿವಾಗಿದೆ ಎಂದು ಹೇಳಿದವರ ಸಂಬಳಕ್ಕೆ ಇನ್ನು ಮೇಲೆ ಕತ್ತರಿ ಇಲ್ಲ, ಮುಂದಿನ ತಿಂಗಳಿಂದ ನಿನಗೆ ನಮ್ಮ ಊರಿನ ನಿಲ್ದಾಣದಿಂದಲೇ ಕೆಲಸ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನಿನ್ನ ಗಂಡ ತಿದ್ದುತ್ತಿದ್ದ ಉತ್ತರ ಪತ್ರಿಕೆಗಳನ್ನು ಕೆಳಗಿಟ್ಟು, "ಕೊನೇದು ಇನ್ನೊಂದ್ಸಲ ಹೇಳು" ಅಂದ. ನೀನು ಹೇಳಿದೆ. "ಇನ್ನೊಂದ್ಸಲ" ಅಂದ. ಫೋನ್ ಇಟ್ಟ ಮೇಲೆ ಮುಖ ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ನಲ್ಲಿ ಮಾತ್ರ ಸುರಿಯುತ್ತಲೇ ಇತ್ತು. ನೀರು ದಂಡವಾಗುತ್ತಿದೆ ಎಂದು ನಾನು ಕೂಗಲಿಲ್ಲ. ಅಷ್ಟು ತಿಳಿವಳಿಕೆ ನನಗೂ ಇದೆ.

ನಿನ್ನ ಮಗಳು, ನಮ್ಮ ಮೆಣಸು, ಅವಳ ಚಿಂತೆಯೇ ಬೇರೆ.

"ಅಮ್ಮ ದಿನಾ ಮನೆಗೆ ಬಂದ್ರೆ ಎಲ್ಲಿ ಮಲಗ್ತಾಳೆ?" ಎಂದು ಕೇಳಿದಳು.

"ಅವಳ ಜಾಗದಲ್ಲಿ."

"ಅದು ಈಗ ನನ್ನ ಜಾಗ."

"ಮತ್ತೆ ಅಮ್ಮ ಬರೋದು ಬೇಡ್ವಾ?"

ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಇಟ್ಟುಕೊಂಡು ಯೋಚಿಸಿದಳು. "ಬರ್ಲಿ. ಗೋಡೆ ಕಡೆ ನಂಗೆ ಕೊಟ್ರೆ ಒಪ್ಕೋತೀನಿ. ದಿಂಬು ಮಾತ್ರ ಕೊಡಲ್ಲ." ನಿಮ್ಮ ಪೈಲಟ್ ಸಂಘದವರು ಇವಳನ್ನು ಮಾತುಕತೆಗೆ ಕಳಿಸಿದ್ದರೆ ಈ ಒಪ್ಪಂದ ಎರಡು ವರ್ಷ ಮೊದಲೇ ಆಗುತ್ತಿತ್ತು.

ಸುದ್ದಿ ಮನೆ ಮಾಲೀಕರ ಕಿವಿಗೂ ಬಿತ್ತು. ಸೋಮವಾರ ಪ್ಯಾಂಟಿನ ಸೊಂಟ ಬಿಡಿಸುವ ನೆಪದಲ್ಲಿ ಬಂದರು. ನಾನು ಅಳತೆ ತೆಗೆಯುತ್ತಿರುವಾಗ ಗಂಟಲು ಸರಿಮಾಡಿಕೊಂಡು, "ಸೊಸೆಗೆ ಸಂಬಳ ಜಾಸ್ತಿ ಆಯ್ತಂತಲ್ಲಮ್ಮ" ಅಂದರು.

"ಆಯ್ತು. ನಿಮ್ಮ ಸೊಂಟಾನೂ ಜಾಸ್ತಿ ಆಗಿದೆ. ನಾನು ಅದಕ್ಕೆ ಜಾಸ್ತಿ ದುಡ್ಡು ತಗೊಳ್ತೀನಾ?"

ಅವರು ನಕ್ಕುಬಿಟ್ಟರು. ಬಾಡಿಗೆಯ ಮಾತು ಬಾಯಿಗೆ ಬಂದದ್ದು ಹಾಗೇ ಒಳಗೆ ಹೋಯಿತು. ಎಷ್ಟು ದಿನಕ್ಕೋ ಗೊತ್ತಿಲ್ಲ, ಸದ್ಯಕ್ಕೆ ಹೋಯಿತು.

ಅವರದೇನೂ ತಪ್ಪಿಲ್ಲ. ಪೈಲಟ್ ಎಂದರೆ ದುಡ್ಡಿನ ಮೂಟೆ ಎಂದು ಇಡೀ ಬೀದಿಯೇ ನಂಬಿದೆ. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿನ್ನ ಬಿಳಿ ಅಂಗಿಯನ್ನು ಹೊರಗಿನ ಹಗ್ಗದ ಮೇಲೆ ಒಣಹಾಕಿದ್ದೇ ತಡ, ಎದುರುಮನೆಯಾಕೆ ಟಿಕೆಟ್ ಕೇಳಿಕೊಂಡು ಬಂದಳು, ನಿನ್ನ ಗಂಡನ ದೊಡ್ಡಪ್ಪ ಸಾಲ ಕೇಳಿಕೊಂಡು ಬಂದರು. ಆಮೇಲೆ ಅಂಗಿ ಒಳಗೇ ಒಣಗಿತು. ಆ ವರ್ಷ ಶಾಲೆ ಶುರುವಾಗುವ ಹೊತ್ತಿನಲ್ಲಿ ನಾನು ಯೂನಿಫಾರಂ ಹೊಲಿದು ಗಳಿಸಿದ್ದು ನಿನ್ನ ಸಂಬಳಕ್ಕಿಂತ ಜಾಸ್ತಿ ಇತ್ತು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ವಿಮಾನದ ಬಾಗಿಲು ಮುಚ್ಚಿದ ಮೇಲೆ ಮಾತ್ರ ನಿಮ್ಮ ಸಂಬಳದ ಗಡಿಯಾರ ಓಡುತ್ತದೆ ಎಂದು ನೀನು ವಿವರಿಸಿದಾಗ ನನಗೂ ಅರ್ಥವಾಗಿರಲಿಲ್ಲ. ಆಮೇಲೆ ಹೊಳೆಯಿತು. ಯಂತ್ರ ಓಡುತ್ತಿರುವಾಗ ಮಾತ್ರ ನನಗೆ ಕೂಲಿ, ಅಳತೆಗೆ ಇಲ್ಲ, ಕತ್ತರಿಸುವುದಕ್ಕೆ ಇಲ್ಲ, ಇಸ್ತ್ರಿಗೆ ಇಲ್ಲ ಎಂದಂತೆ. ಹಾಗಿದ್ದರೆ ನಾನು ಎಂದೋ ಅಂಗಡಿ ಮುಚ್ಚುತ್ತಿದ್ದೆ. ನೀನು ಮುಚ್ಚಲಿಲ್ಲ. ಕಂಪನಿ ಕೊಟ್ಟ ಗಂಡಸರ ಅಳತೆಯ ಅಂಗಿಯ ಭುಜವನ್ನು ನನ್ನಿಂದ ಒಳಗೆ ಹಿಡಿಸಿಕೊಂಡು, ಡಬ್ಬಿಯಲ್ಲಿ ನಿನ್ನೆಯ ಅನ್ನ ಕಟ್ಟಿಕೊಂಡು, ನಗುತ್ತಲೇ ಹೋದೆ.

ಕೆಲಸದ ಊರಿನ ನಿನ್ನ ಆ ಕೋಣೆ ನೋಡಲು ಬಂದ ದಿನ ನೆನಪಿದೆಯಾ? ಪೈಲಟ್‌ಗಳ ಕೋಣೆ ಎಂದಾಗ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ನೋಡಿದರೆ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ಹಳೆಯ ಕಟ್ಟಡ, ಒಂದರ ಮೇಲೊಂದು ಮಂಚ, ಆರು ಜನ ಹೆಂಗಸರು. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಹಾಡುಹಗಲಲ್ಲಿ ಕಿಟಕಿಗೆ ಕಪ್ಪು ಬಟ್ಟೆ. ಒಬ್ಬಳು ಮಲಗಿದ್ದಾಳೆ, ಒಬ್ಬಳು ಏಳುತ್ತಿದ್ದಾಳೆ, ಒಬ್ಬಳು ಕತ್ತಲಲ್ಲೇ ಟೈ ಕಟ್ಟಿಕೊಳ್ಳುತ್ತಿದ್ದಾಳೆ. ನಾನು ಬಾಯಿ ತೆರೆದರೆ ಎಲ್ಲರೂ ತುಟಿಗೆ ಬೆರಳಿಡುತ್ತಿದ್ದಿರಿ. ಮನೆಗೆ ವಾಪಸ್ಸು ಬಂದ ಮೇಲೂ ನಾನು ಪಿಸುಗುಟ್ಟಿಕೊಂಡೇ ಮಾತಾಡಿದ್ದಕ್ಕೆ ನಿನ್ನ ಗಂಡ ನನ್ನ ಗಂಟಲಿಗೆ ಏನೋ ಆಗಿದೆ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದ. ಆದರೂ ಆ ಹುಡುಗಿಯರು ಒಳ್ಳೆಯವರು. ನೀನು ಬಿಟ್ಟು ಬರುವಾಗ ಆ ಕಿಟಕಿಯ ಬಟ್ಟೆಯನ್ನು ತಂದುಬಿಡಬೇಡ, ಅಂಚು ಹೊಲಿದಿರುವ ಹೊಸದೊಂದನ್ನು ನಾನೇ ಅವರಿಗೆ ಕಳಿಸುತ್ತೇನೆ. ಹಳೆಯದರಲ್ಲಿ ಬೆಳಕು ಸೋರುತ್ತಿತ್ತು.

ಈಗ ಹೇಳಲೇಬೇಕಾದ ಒಂದು ಸಂಗತಿ. ಹೋದ ತಿಂಗಳು ನೀನು ನಿನ್ನ ಆ ನಲವತ್ತೆಂಟು ಸೀಟಿನ ವಿಮಾನದ ಮೆಟ್ಟಿಲ ಬಳಿ ನಿಂತು, "ಸರಿಯಾಗಿ ಮಲಗಿಲ್ಲ, ದಣಿದಿದ್ದೇನೆ, ಈ ವಿಮಾನ ಹಾರಿಸಲಾರೆ" ಎಂದು ಕಂಪನಿಗೆ ಹೇಳಿದ್ದು, ಬೇರೆ ಪೈಲಟ್ ಬರುವವರೆಗೆ ಜನ ಕಾದದ್ದು, ನಿನ್ನ ಸಂಬಳ ಹಿಡಿದದ್ದು ಎಲ್ಲ ನೀನೇ ಹೇಳಿದ್ದೆ. ಅದರ ಇನ್ನೊಂದು ತುದಿ ನನ್ನ ಅಂಗಡಿಗೇ ಬಂತು.

ನೀಲಿ ಕೋಟು ಹೊಲಿಸುತ್ತಿದ್ದ ಬ್ಯಾಂಕಿನ ಮೇಡಂ ಒಬ್ಬರಿದ್ದಾರಲ್ಲ, ತೋಳು ಸರಿಯಾಗಿದೆಯೇ ನೋಡಲು ಬಂದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಾನು ಮಡಿಕೆ ಹಿಡಿಯುತ್ತಿದ್ದೆ. ಕನ್ನಡಿ ನೋಡಿಕೊಂಡು ಅವರು ಶುರುಮಾಡಿದರು. "ಮೊನ್ನೆ ಊರಿಗೆ ಬರೋವಾಗ ಎಂಥಾ ಪಾಡು ಗೊತ್ತಾ? ಪೈಲಟ್‌ಗೆ ನಿದ್ದೆ ಬಂತಂತೆ. ಮಗನ್ನ ಕಟ್ಕೊಂಡು ಎರಡು ಗಂಟೆ ಕೂತಿದ್ದೆ. ಇವರಿಗೆಲ್ಲ ಅಷ್ಟಷ್ಟು ಸಂಬಳ ಯಾಕೆ ಕೊಡ್ತಾರೋ."

ಯಾವ ದಿನ ಎಂದು ಕೇಳಿದೆ. ಹೇಳಿದರು. ಅದೇ ದಿನ.

ಸೂಜಿ ಎಲ್ಲಿ ಅವರಿಗೆ ಚುಚ್ಚುತ್ತದೋ ಎಂದು ಎಲ್ಲವನ್ನೂ ತೆಗೆದು ಡಬ್ಬಿಗೆ ಹಾಕಿದೆ. ಸುಮ್ಮನಿದ್ದುಬಿಡಬಹುದಿತ್ತು, ಅವರು ಹಳೆಯ ಗಿರಾಕಿ. ಆಗಲಿಲ್ಲ.

"ಮೇಡಂ, ಆ ಪೈಲಟ್ ನನ್ನ ಸೊಸೆ. ಹಿಂದಿನ ರಾತ್ರಿ ಹೋಟೆಲಲ್ಲಿ ಬೆಂಕಿ ಗಂಟೆ ಹೊಡ್ಕೊಂಡು ಎಲ್ಲರನ್ನೂ ಬೀದಿಗೆ ಕಳಿಸಿದ್ರಂತೆ. ಅವಳು ಮಲಗಿರ್ಲಿಲ್ಲ. ಅದಕ್ಕೇ ಆಗಲ್ಲ ಅಂದ್ಲು. ಅಷ್ಟಕ್ಕೆ ಅವಳ ಸಂಬಳ ಹಿಡಿದ್ರು."

ಅವರು ಕನ್ನಡಿಯಿಂದ ನನ್ನ ಕಡೆಗೆ ತಿರುಗಿದರು.

"ನಿದ್ದೆಗಣ್ಣಲ್ಲಿರೋರ ಕೈಗೆ ನಾನು ಈ ಬಟ್ಟೆ ಕತ್ತರಿಸೋಕೇ ಕೊಡಲ್ಲ" ಅಂದೆ.

ಅವರು ಕುರ್ಚಿಯಲ್ಲಿ ಕೂತರು. "ನನಗೆ ಯಾರೂ ಹೀಗಂತ ಹೇಳ್ಲಿಲ್ಲ. ಪೈಲಟ್ ಇಲ್ಲ ಅಂದ್ರು, ಅಷ್ಟೇ" ಎಂದರು. ಆಮೇಲೆ, "ನನ್ನ ಮಗ ಕಿಟಕಿ ಪಕ್ಕ ಕೂತಿದ್ದ" ಎಂದರು. ಯಾಕೆ ಹಾಗೆಂದರೋ ನನಗೆ ಗೊತ್ತಾಯಿತು, ನಿನಗೂ ಗೊತ್ತಾಗುತ್ತದೆ. ಹೋಗುವಾಗ ಬಾಗಿಲಲ್ಲಿ ತಿರುಗಿ, "ನಿಮ್ಮ ಸೊಸೆ ಯಾವ್ಯಾವ ದಿನ ಈ ಕಡೆಗೆ ವಿಮಾನ ತರ್ತಾರೆ?" ಎಂದು ಕೇಳಿದರು. ಅದು ನನಗೂ ತಿಳಿಯುವುದಿಲ್ಲ, ತಿಂಗಳ ಕೊನೆಗೆ ಅವಳಿಗೇ ತಿಳಿಯುತ್ತದೆ ಎಂದೆ. ಇಬ್ಬರೂ ನಕ್ಕೆವು. ಕೋಟು ಚೆನ್ನಾಗಿ ಕೂತಿದೆ.

ಇದನ್ನು ಯಾಕೆ ಬರೆದೆ ಎಂದರೆ, ನೀನು ಆವತ್ತು ನಲವತ್ತೆಂಟು ಜನರ ಶಾಪ ಕಟ್ಟಿಕೊಂಡೆ ಎಂದು ಅತ್ತಿದ್ದೆಯಂತೆ, ನಿನ್ನ ಗಂಡ ಹೇಳಿದ. ಒಬ್ಬರ ಲೆಕ್ಕ ಬಿಟ್ಟುಬಿಡು. ಉಳಿದವರೂ ನನ್ನ ಹತ್ತಿರ ಬಟ್ಟೆ ಹೊಲಿಸಲು ಬಂದರೆ ಒಬ್ಬೊಬ್ಬರನ್ನಾಗಿ ನೋಡಿಕೊಳ್ಳುತ್ತೇನೆ.

ನೀನು ಬರುವಷ್ಟರಲ್ಲಿ ಕೋಣೆಯ ಕಿಟಕಿಗೂ ದಪ್ಪ ಪರದೆ ಹೊಲಿದಿಡುತ್ತೇನೆ. ಹಗಲು ಮಲಗಿದರೆ ಅತ್ತೆ ಏನೆಂದುಕೊಳ್ಳುತ್ತಾಳೋ ಎಂಬ ಸಂಕೋಚ ಬೇಡ. ಬೀದಿಯವರು ಏನಾದರೂ ಅಂದುಕೊಳ್ಳಲಿ, ಮಧ್ಯಾಹ್ನ ಹನ್ನೆರಡಕ್ಕೆ ಎದ್ದು ಬಂದು ನನ್ನ ಹತ್ತಿರ ಕಾಫಿ ಕೇಳು, ನಾನು ಕೊಡುತ್ತೇನೆ. ಮೆಣಸಿಗೆ ಯಂತ್ರದ ಸದ್ದಿನಲ್ಲಿ ಮಲಗಿ ಅಭ್ಯಾಸವಾಗಿದೆ, ನಿನಗೂ ಆಗುತ್ತದೆ. ಆಗದಿದ್ದರೆ ನೀನು ಮಲಗಿದ ಹೊತ್ತಿನಲ್ಲಿ ಕೈಹೊಲಿಗೆ ಮಾಡುತ್ತೇನೆ. ಕೈಹೊಲಿಗೆಯ ಕೆಲಸ ಹೇಗೂ ಬೆಟ್ಟದಷ್ಟು ಬಿದ್ದಿದೆ.

ಸರಿಯಾದ ಹೊತ್ತಿಗೆ ಊಟ ಸಿಗಲಿ, ಮಲಗಿದೊಡನೆ ಕಣ್ಣು ಹತ್ತಲಿ, ನಿನ್ನ ಚಕ್ರಗಳು ಯಾವಾಗಲೂ ಮೆತ್ತಗೆ ನೆಲ ಮುಟ್ಟಲಿ. ನೂರು ವರ್ಷ ಬಾಳು, ಮಗಳೇ.

ನಿನ್ನ ದಾರಿ ನೋಡುತ್ತಿರುವ,
ಅತ್ತೆ

ಮರೆತ ಮಾತು: ಮರೆತದ್ದೇನಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ, ಅಷ್ಟೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಆವತ್ತು ನೀನು ಫೋನ್ ಮಾಡಿ, "ಅತ್ತೆ, ನಾನು ಆಗಲ್ಲ ಅಂದುಬಿಟ್ಟೆ" ಎಂದಾಗ ನಾನು "ಒಳ್ಳೇದಾಯ್ತು, ಮಲಗು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನನಗೆ ಸಿಟ್ಟು ಬಂದಿದೆ ಎಂದು ನೀನು ಅಂದುಕೊಂಡಿರಬಹುದು. ಸಿಟ್ಟಲ್ಲ, ಮಗಳೇ. ಮಾತಾಡಿದರೆ ನನ್ನ ಅಳು ನಿನಗೆ ಕೇಳಿಸುತ್ತಿತ್ತು.

ನೀನು ನಿನ್ನ ಮಾವನನ್ನು ನೋಡಿಲ್ಲ. ಅವರು ಬಸ್ ಓಡಿಸುತ್ತಿದ್ದರು, ಬ್ರೇಕ್ ಹೋಗಿ ಅಪಘಾತದಲ್ಲಿ ತೀರಿಕೊಂಡರು ಎಂದು ನಿನ್ನ ಗಂಡ ನಿನಗೆ ಹೇಳಿರುತ್ತಾನೆ. ಅವನಿಗೆ ಹಾಗೆ ಹೇಳಿದವಳು ನಾನೇ. ಬ್ರೇಕ್ ಸರಿಯಾಗಿತ್ತು. ಬದಲಿ ಡ್ರೈವರ್ ಬರಲಿಲ್ಲವೆಂದು ಸತತ ಮೂರು ರಾತ್ರಿ ಅವರನ್ನೇ ಕಳಿಸಿದ್ದರು. ಹೋಗುವುದಿಲ್ಲ ಎಂದರೆ ಆ ವಾರದ ಭತ್ಯೆ ಇಲ್ಲ, ಆಮೇಲೆ ಕೆಲಸವೂ ಇಲ್ಲ. ಕಂಡಕ್ಟರ್ ಮನೆಗೆ ಬಂದು, ಇದೇ ಹೊಲಿಗೆ ಯಂತ್ರದ ಪಕ್ಕ ನಿಂತು, "ಅಣ್ಣ ನಿದ್ದೆ ಹೋಗ್ಬಿಟ್ರು ಅಕ್ಕ. ಎಚ್ಚರ ಆದ್ಕೂಡ್ಲೇ ಬಸ್ಸನ್ನ ತಮ್ಮ ಕಡೆಗೇ ಪೆಟ್ಟು ಬೀಳೋ ಹಾಗೆ ತಿರುಗಿಸಿಕೊಂಡ್ರು, ಹಿಂದಿದ್ದೋರಿಗೆ ಯಾರಿಗೂ ಏನೂ ಆಗ್ಲಿಲ್ಲ" ಅಂದ. ನಿದ್ದೆ ಹತ್ತಿದ್ದಕ್ಕೇ ಅಪ್ಪ ಹೋದರು ಎಂದು ಎಂಟು ವರ್ಷದ ಮಗುವಿಗೆ ಹೇಗೆ ಹೇಳಲಿ? ಅವನು ಆಮೇಲೆ ಮಲಗುತ್ತಿದ್ದನೇ? ಬ್ರೇಕ್ ಎಂದೆ. ಅವನು ದೊಡ್ಡವನಾದ, ಮಾತು ಹಾಗೇ ಉಳಿಯಿತು.

ಈಗ ಹೇಳಬೇಕು ಅನ್ನಿಸಿದೆ. ಒಬ್ಬಳೇ ಹೇಳುವ ಧೈರ್ಯ ನನಗಿಲ್ಲ. ನೀನು ಮನೆಗೆ ಬಂದು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಮಲಗಿ ಎದ್ದ ಮೇಲೆ, ನಾನು ಅವನನ್ನು ಕೂರಿಸಿಕೊಂಡು ಹೇಳುತ್ತೇನೆ. ಆ ಹೊತ್ತಿನಲ್ಲಿ ನೀನು ನನ್ನ ಪಕ್ಕದಲ್ಲಿ ಕೂತಿರಬೇಕು.