ಜೋಡಿ ನಿಂತಿರುವಾಗ ಫೋನ್ ಇಡಬಾರದು

ಬೆಳ್ಳಾರೆ
13 ಡಿಸೆಂಬರ್ 2025, ಶನಿವಾರ

ಪ್ರೀತಿಯ ರಾಹೇಲ್‌ಗೆ ಪರಮೇಶ್ವರಿಯ ನಮಸ್ಕಾರ.

ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಮೂವತ್ತೆಂಟು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದ ಟೀಚರು ನಾನು. ಇವತ್ತು ಅದೇ ಸಾಲು ಬರೆಯಲು ನಾಚಿಕೆಯಾಗುತ್ತಿದೆ. ನಿಮ್ಮ ಕ್ಷೇಮ ಹಾಳಾದದ್ದೇ ನನ್ನಿಂದ.

ನೀನು ನನ್ನ ಫೋನ್ ಎತ್ತದೆ ಹದಿನೇಳು ದಿನವಾಯಿತು. ಒಂದು ಸಲ ನಿನ್ನ ಮಗ ಸಜಿ ಎತ್ತಿ, ಅಮ್ಮ ಮಲಗಿದ್ದಾರೆ ಆಂಟಿ ಎಂದ. ಬೆಳಿಗ್ಗೆ ಹತ್ತು ಗಂಟೆಗೆ ನೀನು ಮಲಗುವವಳಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಸುಳ್ಳು ಹೇಳುವಾಗ ಪಾಪ, ಅವನ ಸ್ವರವೇ ಸಣ್ಣಗಾಗಿತ್ತು. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನಾನು ಮಾತು ಬೇರೆ ಕಡೆಗೆ ತಿರುಗಿಸಿಬಿಡುತ್ತೇನೆ. ನನ್ನ ಬುದ್ಧಿ ನಿನಗೆ ಹೊಸತಲ್ಲ.

ನಿನ್ನ ಯಜಮಾನರು ಪೈಲಿ ಚೇಟ ರಬ್ಬರ್ ಗುಡ್ಡೆಯಲ್ಲಿ ಬಿದ್ದ ದಿನದಿಂದ ನಾನು ಮಾಡಿದ ಒಂದೇ ಕೆಲಸವೆಂದರೆ ಕ್ರಿಕೆಟ್ ತಂಡವನ್ನು ಬೈಯುವುದು. ಕೇಳಿ ಕೇಳಿ ನಮ್ಮ ಮನೆಯವರಿಗೆ ಸಾಕುಬೇಕಾಗಿದೆ. ಹನ್ನೆರಡು ವರ್ಷ ಊರಿನಲ್ಲಿ ಒಂದೇ ಒಂದು ಟೆಸ್ಟ್ ಸರಣಿ ಸೋಲದವರು ಹೋದ ವರ್ಷ ನ್ಯೂಜಿಲೆಂಡಿನವರ ಕೈಯಲ್ಲಿ ಮೂರಕ್ಕೆ ಮೂರೂ ಸೋತರು. ಬೆಂಗಳೂರಿನಲ್ಲಂತೂ ನಲವತ್ತಾರಕ್ಕೆ ಆಲೌಟ್. ಈ ಸಲ ದಕ್ಷಿಣ ಆಫ್ರಿಕಾದವರು ಬಂದರು. ಕೋಲ್ಕತ್ತದಲ್ಲಿ ಬರೀ ನೂರಿಪ್ಪತ್ತನಾಲ್ಕು ಹೊಡೆಯಲು ಆಗಲಿಲ್ಲ. ಗುವಾಹಟಿಯಲ್ಲಂತೂ ನಾನೂರಕ್ಕೂ ಮಿಕ್ಕಿದ ರನ್ನುಗಳ ಸೋಲು. ಸ್ಪಿನ್ ಆಡುವುದು ಹೇಗೆಂದು ಪ್ರಪಂಚಕ್ಕೆ ತೋರಿಸಿಕೊಟ್ಟವರು ಈಗ ಸ್ಪಿನ್ ಕಂಡರೆ ಕತ್ತಲಲ್ಲಿ ಚಪ್ಪಲಿ ಹುಡುಕುವವರ ಹಾಗೆ ತಡಕಾಡುತ್ತಾರೆ. ಇದನ್ನೆಲ್ಲ ಪೇಪರಿನ ಓದುಗರ ಅಂಕಣಕ್ಕೆಂದು ಮೂರು ಪುಟ ಬರೆದೆ. ಕೋಚು, ಆಯ್ಕೆ ಸಮಿತಿ, ಐಪಿಎಲ್ಲು, ಯಾರನ್ನೂ ಬಿಡಲಿಲ್ಲ. ಇನ್ನಾದರೂ ಇವರು ತಮ್ಮ ತಪ್ಪು ಒಪ್ಪಿಕೊಳ್ಳಲಿ ಎಂಬುದು ಕೊನೆಯ ಸಾಲು. ಅದನ್ನು ಬರೆದ ಮೇಲೆ ನನಗೆ ಮುಂದೆ ಕೂರಲು ಆಗಲಿಲ್ಲ. ಆ ಮೂರು ಪುಟ ಒಲೆಗೆ ಹೋಯಿತು.

ನಾವಿಬ್ಬರೂ ಕಡಬದ ಶಾಲೆಗೆ ಹೊಸದಾಗಿ ಸೇರಿದ ವರ್ಷ, ಎಂಬತ್ತಾರರಲ್ಲಿ, ಮದರಾಸಿನ ಟೆಸ್ಟ್ ಟೈ ಆಯಿತಲ್ಲ. ಸ್ಟಾಫ್ ರೂಮಿನ ಕಪಾಟಿನಲ್ಲಿ ಚಾಕ್‌ಪೀಸ್ ಡಬ್ಬಗಳ ಹಿಂದೆ ನಿನ್ನ ಟ್ರಾನ್ಸಿಸ್ಟರ್ ಇಟ್ಟು, ಸರದಿಯಲ್ಲಿ ಹೋಗಿ ಕೇಳಿ ಬರುತ್ತಿದ್ದೆವು. ಹೆಂಗಸರಿಗೆ ಇದೆಂಥ ಹುಚ್ಚು ಎಂದು ಹೆಡ್‌ಮಾಸ್ಟರು ಗದರಿದಾಗ, "ಸ್ಕೋರ್ ಕೇಳ್ಲಿಕ್ಕೆ ನೀವೇ ನಾಲ್ಕು ಸಲ ಬಂದ್ರಲ್ಲ ಸಾರ್" ಎಂದು ನೀನು ಹೇಳಿದ್ದೆ. ಆವತ್ತಿನಿಂದ ನೀನು ನನ್ನ ಗೆಳತಿ. ನನಗೆ ಬೆಳ್ಳಾರೆಗೆ ವರ್ಗವಾದ ಮೇಲೂ ಟೆಸ್ಟ್ ಬಂತೆಂದರೆ ನೀನು ಅಲ್ಲಿ, ನಾನು ಇಲ್ಲಿ, ಫೋನಿನಲ್ಲೇ ಜೊತೆಗೆ ಕೂರುತ್ತಿದ್ದೆವು. ನಿಮ್ಮ ಟಿವಿ ನಮ್ಮದಕ್ಕಿಂತ ಎರಡು ಸೆಕೆಂಡು ಹಿಂದೆ. ನಿನಗೆ ಚೆಂಡು ಕಾಣಿಸುವವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕೆಂದು ನೀನೇ ಹೇಳಿದ್ದು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಎರಡು ಸೆಕೆಂಡು ಸುಮ್ಮನಿದ್ದದ್ದು ಅದೊಂದೇ ಕಾರಣಕ್ಕೆ ಎಂದು ನಮ್ಮ ಮನೆಯವರು ಈಗಲೂ ತಮಾಷೆ ಮಾಡುತ್ತಾರೆ.

ಆದರೆ ಜೋಡಿ ನಿಂತಿರುವಾಗ ಫೋನ್ ಇಡಬಾರದು ಎಂಬ ಕಾನೂನು ಮಾತ್ರ ನನ್ನದು. ಕೊರೊನಾದ ಸಮಯದಲ್ಲಿ ಸಿಡ್ನಿಯ ಐದನೇ ದಿನ ನಮ್ಮವರಿಬ್ಬರು ಮೈಯೆಲ್ಲ ನೋವು ಮಾಡಿಕೊಂಡು, ಔಟಾಗದೆ ಕೊನೆಯವರೆಗೆ ನಿಂತು ಮ್ಯಾಚ್ ಉಳಿಸಿದರಲ್ಲ, ಅವತ್ತು ನಾವೂ ಮೂರು ಗಂಟೆ ಫೋನ್ ಇಟ್ಟಿರಲಿಲ್ಲ. ನಮ್ಮಿಂದಲೇ ಅವರು ನಿಂತದ್ದು ಎಂದು ನಾನು ಘೋಷಿಸಿದೆ. ನೀನು ನಕ್ಕೆ. ನಕ್ಕರೂ ಒಪ್ಪಿದೆ. ಮೊದಲು ಅದೊಂದು ಆಟವಾಗಿತ್ತು. ತಂಡ ಗೆಲ್ಲುತ್ತಿದ್ದಾಗ ನಮಗೆ ಯಾವ ನಿಯಮವೂ ನೆನಪಾಗುತ್ತಿರಲಿಲ್ಲ. ಎದ್ದು ಚಹಾ ಮಾಡುತ್ತಿದ್ದೆವು, ಬಟ್ಟೆ ಒಗೆಯುತ್ತಿದ್ದೆವು, ಬಂದು ನೋಡಿದರೆ ಸ್ಕೋರು ಮುನ್ನೂರು ದಾಟಿರುತ್ತಿತ್ತು. ಅವರು ಸೋಲಲು ಶುರುಮಾಡಿದ ಮೇಲೆಯೇ ನಮ್ಮ ಕಟ್ಟುಪಾಡು ಜಾಸ್ತಿಯಾದದ್ದು. ನೀನು ಕಿಟಕಿಯ ಹತ್ತಿರದ ಕುರ್ಚಿಯಲ್ಲೇ ಕೂರಬೇಕು. ನಾನು ಕಾಲು ಮಡಚಬಾರದು. ಅವರಿಂದ ಆಗದ್ದನ್ನು ನಾವು ಇಲ್ಲಿ ಕೂತು ಮಾಡಿಕೊಡುತ್ತೇವೆ ಎಂಬ ಹಟ. ಅರುವತ್ತು ದಾಟಿದ ಇಬ್ಬರು ರಿಟಾಯರ್ಡ್ ಟೀಚರುಗಳು, ಮಕ್ಕಳಿಗೆ ವಿಜ್ಞಾನ ಕಲಿಸಿದವರು! ಈಗ ಬರೆಯುವಾಗ ನನಗೇ ಅಸಹ್ಯವಾಗುತ್ತದೆ.

ಆ ಬುಧವಾರದ ವಿಷಯ ಬರೆಯದೆ ಮುಂದೆ ಹೋಗಲಾರೆ. ನಿನಗೆ ಗೊತ್ತಿದ್ದರೂ ಬರೆಯುತ್ತೇನೆ, ಯಾಕೆಂದರೆ ನಾನು ಅದನ್ನು ಸರಿಯಾಗಿ ಹೇಳುತ್ತೇನೋ ಇಲ್ಲವೋ ಎಂದು ನೀನು ನೋಡಬೇಕು.

ಗುವಾಹಟಿಯ ಐದನೇ ದಿನ. ಗೆಲ್ಲುವ ಮಾತೇ ಇಲ್ಲ, ಸಂಜೆಯವರೆಗೆ ನಿಂತರೆ ಸಾಕು ಎಂಬ ಸ್ಥಿತಿ. ದಿನಾ ಪೈಲಿ ಚೇಟನ ಜೊತೆ ಗುಡ್ಡೆಗೆ ಹೋಗಿ ಮರಕ್ಕೆ ಕಟ್ಟಿದ ಕಪ್ಪುಗಳಿಂದ ರಬ್ಬರ್ ಹಾಲು ಬಕೆಟಿಗೆ ಸುರಿದುಕೊಳ್ಳುವವಳು ನೀನು. ಅವತ್ತು ಅವರೇ, "ಇವತ್ತು ನಿನ್ನ ಐದನೇ ದಿನ ಅಲ್ವಾ, ನೀನು ಕೂತ್ಕೋ" ಎಂದು ಒಬ್ಬರೇ ಹೋದರೆಂದು ನೀನು ಹೇಳಿದೆ. ಕ್ರಿಕೆಟ್ ಎಂದರೆ ಬಿಸಿಲಿಗೆ ನಿಲ್ಲುವ ಶಿಕ್ಷೆ ಎನ್ನುವ ಮನುಷ್ಯ. ನಾವಿಬ್ಬರೂ ಅವರನ್ನು ಹೊಗಳಿ ನಕ್ಕೆವು. ಹತ್ತು ಗಂಟೆಯ ಒಳಗೆ ಒಬ್ಬೊಬ್ಬರಾಗಿ ಔಟಾಗಿ ಹೋದರು. ಆಮೇಲೆ ಹಿಂದಿನ ಸಂಜೆಯಿಂದ ಒಂದು ಕಡೆ ನಿಂತಿದ್ದ ಆ ಹೊಸ ಹುಡುಗನೂ ಎಡಗೈ ಬ್ಯಾಟಿನ ಹಿರಿಯನೂ ಜೋಡಿಯಾದರು.

ನಿನ್ನ ಫೋನಿನಲ್ಲಿ ಚೇಟನ ಕರೆ ಬಂತು. ಮೊದಲನೆಯದನ್ನು ನೀನೇ ಬಿಟ್ಟೆ. ಎರಡನೆಯದು ಬಂದಾಗ ನೀನು, "ಇವರದ್ದು ಫೋನ್ ಬರ್ತಾ ಉಂಟು ಮಾರಾಯ್ತಿ" ಎಂದೆ. "ಬಕೆಟ್ ಹಿಡೀಲಿಕ್ಕೆ ಕರಿಯುದು, ಮತ್ತೆಂತ? ಆಮೇಲೆ ಹೋಗು" ಎಂದೆ ನಾನು. ಮೂರನೆಯ ಸಲ ನೀನು, "ನಾನು ಇಡ್ತೇನೆ, ಅವರು ಹೀಗೆಲ್ಲ ಕರಿಯುವವರಲ್ಲ" ಎಂದೆ. ನಾನು ಬೈದೆ, ರಾಹೇಲ್. "ಈ ಓವರ್ ಮುಗೀಲಿ. ನೀನು ಇಟ್ಟ ಕೂಡ್ಲೇ ಅವ ಔಟಾದ್ರೆ ನಾನು ನಿನ್ನತ್ರ ಮಾತಾಡುದಿಲ್ಲ" ಎಂದೆ. ಆ ಓವರ್ ಮುಗಿಯಿತು, ಇನ್ನೊಂದು ಮುಗಿಯಿತು. ಫೋನ್ ಮತ್ತೆ ಬರಲಿಲ್ಲವಾದ್ದರಿಂದ ಏನೂ ಇರಲಿಕ್ಕಿಲ್ಲ ಎಂದುಕೊಂಡೆವು. ಗುವಾಹಟಿಯಲ್ಲಿ ಊಟಕ್ಕಿಂತ ಮೊದಲೇ, ಹನ್ನೊಂದಕ್ಕೇ ಬರುವ ಚಹಾ ವಿರಾಮದಲ್ಲೂ ನಾನು ನಿನ್ನನ್ನು ಬಿಡಲಿಲ್ಲ, ಜೋಡಿ ಮುರಿದಿಲ್ಲವಲ್ಲ ಎಂದೆ. ವಿರಾಮ ಮುಗಿದು ಬಂದ ಕೂಡಲೇ ಆ ಹುಡುಗ ಔಟಾದ. ನೂರಮೂವತ್ತೊಂಬತ್ತು ಚೆಂಡು ಎದುರಿಸಿ ಹದಿನಾಲ್ಕು ರನ್. ಆಮೇಲೂ ಹತ್ತು ನಿಮಿಷ ನಾನು ಅವನನ್ನು ಬೈದೆ.

ನೀನು ಹೋಗಿ ನೋಡುವಾಗ ಅವರು ಮೇಲಿನ ಮರಗಳ ಸಾಲಿನಿಂದ ಜಾರಿ ಕೆಳಗಿನ ಕಟ್ಟೆಗೆ ಬಿದ್ದಿದ್ದರು. ಕರೆದು ಕರೆದು ಕೊನೆಗೆ ಫೋನ್ ಜಾರಿ, ಕೈಗೆ ಸಿಗದಷ್ಟು ದೂರಕ್ಕೆ ಉರುಳಿತ್ತು. ಬಕೆಟಿನ ಹಾಲು ಮೈಮೇಲೆ ಚೆಲ್ಲಿ, ಬಿಸಿಲಿಗೆ ಒಣಗಿ, ತಲೆಕೂದಲು ಅಂಟಿಹೋಗಿ ಕತ್ತರಿಸಬೇಕಾಯಿತಂತೆ. ನೆರೆಮನೆಯ ಕುಂಞಿ ಮೋನು ಜೀಪಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದ್ದನ್ನೂ, ಸೊಂಟದ ಬುಡದಲ್ಲಿ ಎಲುಬು ಮುರಿದು ಸರಳು ಹಾಕಿದ್ದನ್ನೂ ನನಗೆ ಬೇರೆಯವರು ಹೇಳಿದರು. ಇನ್ನು ಅವರು ಗುಡ್ಡೆ ಹತ್ತುವುದು ಕಷ್ಟ ಎಂಬುದನ್ನೂ ಬೇರೆಯವರೇ ಹೇಳಿದ್ದು. ಒಂದೂವರೆ ಗಂಟೆ ಆ ಮನುಷ್ಯ ಅಲ್ಲಿ ಬಿದ್ದಿದ್ದರು. ನಾವು ಇಲ್ಲಿ ಡ್ರಾ ಮಾಡಿಸುತ್ತಿದ್ದೆವು.

ನಾನು ಪುತ್ತೂರಿನ ಆಸ್ಪತ್ರೆಗೆ ಬಂದ ದಿನ ನೀನು ವಾರ್ಡಿನ ಹೊರಗೆ ಬೆಂಚಿನಲ್ಲಿ ಕೂತಿದ್ದೆ. ನಾನು ತಂದ ಮುಸುಂಬಿಯ ಚೀಲವನ್ನು ನೀನು ತೆಗೆದುಕೊಂಡು ಪಕ್ಕದಲ್ಲಿಟ್ಟೆ. ಅವರನ್ನು ಕಂಡು ನಾನು ಹೊರಗೆ ಬಂದಾಗ ನೀನು, "ಬೆಳ್ಳಾರೆ ಬಸ್ಸು ಹೋದೀತು, ನೀನು ಹೊರಡು" ಎಂದೆ. ಅಷ್ಟೇ. ನೀನು ಬೈದಿದ್ದರೆ ನಾನು ಬಸ್ಸಿನಲ್ಲಿ ಅಷ್ಟು ಅಳುತ್ತಿರಲಿಲ್ಲ. ಕಬಕದಿಂದ ಬರುತ್ತಿದ್ದ ಯಾರೋ ಹುಡುಗಿ ಎದ್ದು ಜಾಗ ಕೊಟ್ಟು, ಯಾರಾದರೂ ತೀರಿಕೊಂಡರಾ ಅಜ್ಜಿ ಎಂದು ಕೇಳಿದಳು.

ನಿನ್ನ ತಂಗಿ ನನ್ನ ಹತ್ತಿರ ಒಂದು ಮಾತು ಹೇಳಿದಳು. ನೀನು ಇಗರ್ಜಿಗೆ ಹೋಗುವುದನ್ನೂ ಬಿಟ್ಟಿದ್ದೀಯಂತೆ. ಗಂಡ ಮೂರು ಸಲ ಕರೆದರೂ ಫೋನ್ ಎತ್ತದವಳು ಯಾವ ಮುಖ ಹೊತ್ತುಕೊಂಡು ದೇವರ ಎದುರು ನಿಲ್ಲಲಿ ಎನ್ನುತ್ತೀಯಂತೆ. ಅದು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನನ್ನ ಮೇಲೆ ಸಿಟ್ಟು ಮಾಡು, ಅದು ನ್ಯಾಯ. ಆದರೆ ನೀನು ಮೂರನೆಯ ಸಲ ಏಳಲು ಹೊರಟವಳು. ನಿನ್ನನ್ನು ಕೂರಿಸಿದ್ದು ನಾನು. ಇದನ್ನು ಸಜಿಗೂ ಓದಿ ಹೇಳು, ಪಾದ್ರಿಯವರಿಗೂ ಹೇಳು. ನನಗೆ ಮರ್ಯಾದೆ ಹೋಗುವುದೇನಿಲ್ಲ, ಹೋಗುವುದಿದ್ದರೂ ಹೋಗಲಿ.

ಔಟಾದ ಆ ಹುಡುಗನನ್ನು ಬೈದದ್ದಕ್ಕೂ ನನಗೆ ಈಗ ಬೇಜಾರು. ಎಲ್ಲರೂ ಬಂದ ಹಾಗೆ ಹೋಗುತ್ತಿದ್ದಾಗ ಅವನೊಬ್ಬ ನಿಂತ. ನಮ್ಮ ತಂಡ ಸೋತದ್ದು ಅವನಿಂದಲೂ ಅಲ್ಲ, ನೀನು ಕುರ್ಚಿಯಿಂದ ಎದ್ದದ್ದರಿಂದಲೂ ಅಲ್ಲ. ಅವರಿಗೆ ಆಡಲು ಬರಲಿಲ್ಲ, ಎದುರಿನವರಿಗೆ ಬಂತು. ಇಷ್ಟು ಸಣ್ಣ ವಿಷಯ ಒಪ್ಪಿಕೊಳ್ಳಲಾಗದೆ ನಾವು ಏನೇನು ಮಾಡಿದೆವು ನೋಡು. ಈಗ ಟ್ವೆಂಟಿ-ಟ್ವೆಂಟಿ ನಡೆಯುತ್ತಿದೆಯಂತೆ. ನಾನು ಟಿವಿ ಹಾಕಿಲ್ಲ.

ಒಂದು ಕೇಳಿಕೆ ಇದೆ. ಸಜಿ ಬೆಳಿಗ್ಗೆ ಮರ ಕೆತ್ತಿ ಟ್ಯಾಪಿಂಗ್ ಮಾಡಿ ಕೆಲಸಕ್ಕೆ ಹೋಗುತ್ತಾನಂತೆ, ಹಾಲು ತರುವುದೂ ಅದನ್ನು ಹೆಪ್ಪುಗಟ್ಟಿಸಿ ಶೀಟು ಮಾಡುವುದೂ ನೀನೊಬ್ಬಳೇ ಅಂತೆ. ಕ್ರಿಸ್ಮಸ್‌ವರೆಗೆ ನಾನು ಬಂದು ನಿಮ್ಮಲ್ಲಿರುತ್ತೇನೆ. ಬಕೆಟ್ ಹೊರುತ್ತೇನೆ. ಹಾಲಿಗೆ ಆಸಿಡ್ ಎಷ್ಟು ಹಾಕಬೇಕೆಂದು ಗೊತ್ತಿಲ್ಲ, ಹೇಳಿಕೊಟ್ಟರೆ ಕಲಿಯುತ್ತೇನೆ. ಮಾತಾಡಬೇಡ ಎಂದರೆ ಮಾತಾಡದೆ ಮಾಡುತ್ತೇನೆ. ನಮ್ಮ ಮನೆಯವರು ಗಂಜಿ ಬೇಯಿಸಿಕೊಳ್ಳಬಲ್ಲರು. ಬಾ ಎಂದು ಒಂದು ಕಾರ್ಡು ಹಾಕು, ಇಲ್ಲವೇ ಸಜಿಯಲ್ಲಿ ಹೇಳಿಸು. ಬೇಡ ಎಂದಾದರೆ ಏನೂ ಬರೆಯಬೇಡ, ನನಗೆ ಅರ್ಥವಾಗುತ್ತದೆ.

ನಿನ್ನ,
ಪರಮೇಶ್ವರಿ

ಮರೆತು ಬಿಟ್ಟದ್ದಲ್ಲ, ಧೈರ್ಯ ಬಾರದೆ ಬಿಟ್ಟದ್ದು: ಚೇಟ ನಿನಗೆ ಮೂರು ಸಲ ಕರೆದ ಮೇಲೆ ನನಗೂ ಒಂದು ಸಲ ಕರೆದಿದ್ದರು. ಹತ್ತು ನಲವತ್ತೊಂದಕ್ಕೆ. ನಿನ್ನದು ಸಿಗದಿದ್ದರೆ ನಾವಿಬ್ಬರೂ ಜೊತೆಗಿದ್ದೇವೆ ಎಂದು ಅವರಿಗೆ ಗೊತ್ತಲ್ಲ. ನನ್ನ ಫೋನಿನಲ್ಲಿ ಅವರ ಹೆಸರು ಕಾಣಿಸಿತು. ಇಷ್ಟು ವರ್ಷದಲ್ಲಿ ಅವರು ನನಗೆ ಫೋನ್ ಮಾಡಿದವರಲ್ಲ, ಏನೋ ಆಗಿದೆ ಎಂದು ನನಗೆ ಆ ಕ್ಷಣಕ್ಕೆ ಅನ್ನಿಸಿತು. ನಿನಗೆ ಹೇಳಲಿಲ್ಲ. ಕೆಂಪು ಗುಂಡಿ ಒತ್ತಿದೆ. ಆಸ್ಪತ್ರೆಯಲ್ಲಿ ಅವರು ನನ್ನ ಕೈ ಹಿಡಿದು, "ಸಾರಮಿಲ್ಲ, ಪರವಾಗಿಲ್ಲ ಟೀಚರೇ, ಆ ಫೋನಿನ ವಿಷಯ ನಾನು ಅವಳಿಗೆ ಹೇಳುದಿಲ್ಲ. ನೀವೂ ಹೇಳುದು ಬೇಡ, ಅವಳಿಗೆ ನೀವು ಒಬ್ಬರೇ ಇರುದು" ಎಂದರು. ಅವರು ಹೇಳುವವರಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ನನ್ನನ್ನು ಬಾ ಎನ್ನುವ ಮೊದಲು ಇದು ನಿನಗೆ ಗೊತ್ತಿರಬೇಕು. ಅವರ ಕರೆ ಕಟ್ ಮಾಡಿದ ಮೇಲಿನ ಆ ಓವರಿನಲ್ಲಿ ವಿಕೆಟ್ ಬೀಳಲಿಲ್ಲ, ರಾಹೇಲ್. ನನಗೆ ಖುಷಿಯಾಗಿತ್ತು.