ಅರ್ಧ ನಿನ್ನದು, ಅರ್ಧ ಅಪ್ಪನದು

ನನ್ನ ಅವ್ವಾ,

ನಾನು ಹುಟ್ಟಿದ ದಿನ ಸೂಲಗಿತ್ತಿ ನನ್ನನ್ನು ನಿನ್ನ ಮಗ್ಗುಲಿಗೆ ಹಾಕಿ, 'ಯವ್ವಾ, ಗೋರಿ ಮೇಮ್‌ಸಾಬ ಹುಟ್ಟ್ಯಾಳಲ್ಲ!' ಅಂದಳಂತೆ. ಹಾಲಿನಂಥ ಮೈ, ಅಂಥದೇ ಕೂದಲು. ನೀನು ಕಪ್ಪು, ಅಪ್ಪ ಇನ್ನೂ ಕಪ್ಪು. ಆಗ ನೀನು ನಾಲವಾರದಿಂದ ದಿನಾ ರೈಲಿನಲ್ಲಿ ವಾಡಿಗೆ ಹೋಗಿ, ಸಿಮೆಂಟ್ ಫ್ಯಾಕ್ಟರಿಯ ಮಷಿನು ಕೂಡಿಸಲು ಬಂದಿದ್ದ ಪರದೇಶದ ಬಿಳಿ ಸಾಹೇಬನೊಬ್ಬನ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಜನರಿಗೆ ಅಷ್ಟೇ ಸಾಕಾಯಿತು. ಅಪ್ಪನಿಗೂ. ಅಂದಿನಿಂದ ಅವನು ನಿನ್ನ ಕೈಯ ನೀರು ಕುಡಿಯಲಿಲ್ಲ. ರೊಟ್ಟಿಯನ್ನೂ ತಾನೇ ಬಡಿದುಕೊಂಡ.

ನನಗೆ ಆರೇಳು ವರ್ಷವಿದ್ದಾಗ ನಮ್ಮ ಕರಿ ಎಮ್ಮೆ ಬಿಳಿ ಕರು ಹಾಕಿದ್ದು ನೆನಪಿದೆಯಾ? ಗುಲಾಬಿ ಮೂತಿ, ಬಿಸಿಲಿಗೆ ಬಂದರೆ ಕಣ್ಣು ಮುಚ್ಚುತ್ತಿತ್ತು, ನನ್ನ ಹಾಗೆಯೇ. ಕೋಣವೂ ಕರಿಯದೇ. ನೋಡಲು ಬಂದವರಿಗೆಲ್ಲ ಅಪ್ಪ ನಗುತ್ತ, 'ಇದರ ಅಜ್ಜಿದೋ ಮುತ್ತಜ್ಜಿದೋ ಬಣ್ಣ ಬಂದದರಿ. ಬರ್ತದ, ಅದರಾಗೇನದ?' ಅನ್ನುತ್ತಿದ್ದ. ಸಗಣಿ ಬಳಿಯುತ್ತಿದ್ದ ನೀನು ಕೇಳಿಸಿಕೊಂಡು ಬುಟ್ಟಿ ಎತ್ತಿ ತಿಪ್ಪೆಗೆ ನಡೆದೆ. ಎಮ್ಮೆಯ ಮೇಲೆ ಇಟ್ಟಷ್ಟು ನಂಬಿಕೆ ನಿನ್ನ ಮೇಲೆ ಇಡಲಿಲ್ಲವಲ್ಲ ಅವನು, ಥೂ!

ಸಾಯುವ ದಿನ ನೀನು ಅವನ ಕೈ ಹಿಡಿದು, 'ಮಾಮಾ, ನೀ ಎತ್ತಿ ಆಡಿಸಿದ ಹುಡುಗಿ ಅದೀನಿ. ನಾ ಅಂಥಾಕಿ ಅಲ್ಲ' ಅಂದೆ. ಗಂಡನಾದ ಮೇಲೂ ಸೋದರಮಾವನನ್ನು ನೀನು ಕರೆಯುತ್ತಿದ್ದುದು ಹಾಗೆಯೇ. ಅವನು ಕೈ ಬಿಡಿಸಿಕೊಂಡು ಹೊರಗೆ ಹೋದ.

ಈಚೆಗೆ ನನ್ನ ಕುತ್ತಿಗೆಯ ಹುಣ್ಣು ಮಾಯದೆ ಅಪ್ಪನೊಂದಿಗೆ ಕಲಬುರಗಿಯ ದವಾಖಾನೆಗೆ ಹೋಗಿದ್ದೆ. ಡಾಕ್ಟರಮ್ಮ ನಮ್ಮಿಬ್ಬರ ರಕ್ತವನ್ನು ತಪಾಸಣೆಗೆ ಕಳಿಸಿದಳು. ತಿಂಗಳ ಮೇಲೆ ವರದಿ ಕೇಳಲು ಇಬ್ಬರೂ ಮತ್ತೆ ಹೋದೆವು. ಮೈಗೆ ಬಣ್ಣ ಕೊಡುವ ಜೀನ್ ನನ್ನಲ್ಲಿ ಕೆಟ್ಟಿದೆಯಂತೆ. 'ಅವ್ವನ ಕಡಿಂದ ಒಂದು, ಅಪ್ಪನ ಕಡಿಂದ ಒಂದು, ಎರಡೂ ಕೆಟ್ಟಿದ್ರೇ ಹಿಂಗಾಗ್ತದರಿ. ನಿಮ್ಮಲ್ಲಿ ಒಂದು ಕೆಟ್ಟದ, ಇನ್ನೊಂದು ಛಲೋ ಅದ. ಅದಕ್ಕ ನೀವು ಕರ್ರಗ ಅದೀರಿ. ಅಕ್ಕನ ಮಗಳನ್ನ ಮಾಡ್ಕೊಂಡೀರಿ, ಒಂದೇ ಮನಿ ರಕ್ತ, ಆಕಿಯಲ್ಲೂ ಇದೇ ಇತ್ತು. ಈಕಿ ನಿಮ್ಮ ಮಗಳೇರಿ' ಎಂದು ಅಪ್ಪನಿಗೆ ಹೇಳಿದಳು.

ವಾಪಸು ಬಂದು ನಾಲವಾರದಲ್ಲಿ ರೈಲು ಇಳಿದವನೇ ಅಪ್ಪ ಪ್ಲಾಟ್‌ಫಾರಂ ಮೇಲೆ ಕುಳಿತು, 'ನೀನೇ ಆಕಿಗಿ ಹೇಳವ್ವಾ. ತಪ್ಪಾಯ್ತಂತ ಹೇಳು. ನನಗ ಬಾಯಿಲ್ಲ' ಅಂದ. ಸತ್ತವಳಿಗೆ ನಾನು ಹೇಗೆ...

ಇಗೋ, ಈ ಕಾಗದದಲ್ಲಿ ಹೇಳಿದ್ದೇನೆ. ದಿನಾ ಸಂಜೆ ಅವನು, 'ಆಕಿ ಏನಂದಳು?' ಅಂತ ಕೇಳುತ್ತಾನೆ. 'ಮಾಫ್ ಮಾಡ್ಯಾಳ' ಅಂದುಬಿಟ್ಟರೆ ಮುದುಕ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾನೆ, ನನಗೆ ಗೊತ್ತು. ಆದರೆ ಅವ್ವಾ, ನಿನ್ನಾಣೆ, ನೀನು ಆಡದ ಮಾತನ್ನು ನಾನು ಆಡುವುದಿಲ್ಲ.