ಅಕ್ಕನ ಮೂಗುತಿ, ನನ್ನ ಎಡಗಿವಿ

ನನ್ನ ಕಿವಿ ಹಿಂಡಿ ಡಾಕ್ಟರನ್ನಾಗಿ ಮಾಡಿದ ಅಕ್ಕನಿಗೆ,

ಹೊಸಮನೆಯ ನಿಮ್ಮ ಅಡುಗೆಮನೆಯಲ್ಲಿ ನಾನು ಮೊದಲ ಸಲ ಹಣೆಗೆ ಬೆಳಕು ಹಾಯಿಸುವ ಡಾಕ್ಟರ ಕನ್ನಡಿ ಕಟ್ಟಿಕೊಂಡು ನಿಂತದ್ದು ನೆನಪಿದೆಯೇ? ನೀನು ಸೌಟು ಕೆಳಗಿಟ್ಟು ನಕ್ಕೆ. ಶಿವಮೊಗ್ಗದ ಆಸ್ಪತ್ರೆಗೆ ನಾನು ಆಗಷ್ಟೇ ಸೇರಿದ್ದೆ. ಮೂಗು, ಗಂಟಲು ನೋಡಲು ಕಲಿಸುತ್ತಿದ್ದ ದೊಡ್ಡ ಡಾಕ್ಟರು, ಕೈ ನಡುಗುವುದು ನಿಲ್ಲುವ ತನಕ ರೋಗಿಗಳ ಹತ್ತಿರ ಸುಳಿಯಬೇಡ ಎಂದುಬಿಟ್ಟಿದ್ದರು. ಯಾರನ್ನೂ ಮುಟ್ಟದೆ ಕೈ ಪಳಗುವುದಾದರೂ ಹೇಗೆ? ನನ್ನ ಗೊಣಗಾಟ ಕೇಳಲಾರದೆ ನೀನೇ ದೀಪದ ಪಕ್ಕ ಮಣೆ ಹಾಕಿಕೊಂಡು ಕೂತೆ.

"ನೋಡ್ಕೋ ಮಾರಾಯ. ಆದ್ರೆ ನೀನು ನಂಗೆ ಎಷ್ಟು ನೋಯಿಸ್ತೀಯೋ ಅಷ್ಟೇ ನಿನ್ನ ಕಿವಿ ಹಿಂಡ್ತೀನಿ."

ಆಮೇಲೆ ನನ್ನ ಎಡಗಿವಿ ಪಟ್ಟ ಪಾಡು ನನಗೇ ಗೊತ್ತು. ಹೊಳ್ಳೆ ಅಗಲಿಸುವ ಇಕ್ಕಳ ಒಳಗೆ ಹೋದರೆ ಸಾಕು, ನಿನ್ನ ಮೂಗುತಿಯ ತಿರುಪು ಅಡ್ಡ ಬರುತ್ತಿತ್ತು. ತೆಗೆಯೇ ಎಂದು ಬೇಡಿಕೊಂಡರೆ, ಭಾವ ಇರುವ ತನಕ ಅದು ಮೂಗಿನಿಂದ ಇಳಿಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ನಿನ್ನನ್ನು ಬೈದುಕೊಂಡೇ ಬೇರೆ ದಾರಿ ಹುಡುಕಿದೆ. ಹೊರಗಿನಿಂದ ಮೂಗುತಿಯನ್ನು ಹೆಬ್ಬೆರಳಲ್ಲಿ ಮೆಲ್ಲನೆ ಮೇಲಕ್ಕೆ ಸರಿಸಿ, ಇಕ್ಕಳವನ್ನು ಕೆಳಗಿನಿಂದ ಜಾರಿಸುವುದು. ಅಲ್ಲಿಂದ ಕಾಣದಿದ್ದರೆ ಬಾಯಿಯ ಕಡೆಯಿಂದ. ದೊಡ್ಡ ಊರುಗಳಲ್ಲಿ ದೀಪವಿರುವ ನಳಿಕೆಯನ್ನೇ ಮೂಗಿನೊಳಗೆ ಬಿಟ್ಟು ನೋಡುತ್ತಾರಂತೆ. ನಮಗೆ ಉದ್ದ ಹಿಡಿಯ ಪುಟ್ಟ ಕನ್ನಡಿಯೇ ಗತಿ. ಆವಿ ಕಟ್ಟದಂತೆ ಅದನ್ನು ಬಿಸಿ ಮಾಡಿ, ಕಿರುನಾಲಿಗೆಯ ಹಿಂದೆ ಹಿಡಿದರೆ ಮೂಗಿನ ಹಿಂಬದಿ ಕಾಣುತ್ತದೆ. ಮೊದಲ ಸಲ ನೀನು ಕುಡಿದ ಕಾಫಿಯೆಲ್ಲ ನನ್ನ ಅಂಗಿಯ ಮೇಲಿತ್ತು. ಆದರೂ ಮಾರನೆಯ ದಿನ ನೀನು ಮತ್ತೆ ಮಣೆ ಹಾಕಿದೆ. ಯಾವ ಅಕ್ಕ ಹಾಗೆ...

ಭದ್ರಾವತಿಯ ದವಾಖಾನೆಗೆ ನನ್ನನ್ನು ವರ್ಗ ಮಾಡಿದಾಗ ನೀನಿರಲಿಲ್ಲ. ಅಷ್ಟರಲ್ಲಿ ಜ್ವರ ಬಂದು ನೀನು ತೀರಿಹೋಗಿದ್ದೆ, ಮೂಗುತಿಯ ಸಮೇತ. ಅಲ್ಲಿಗೊಬ್ಬಳು ಹೆಂಗಸು ಬಂದಳು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆಕೆಯ ಒಂದು ಹೊಳ್ಳೆ ಕಟ್ಟಿ, ಹತ್ತಿರ ನಿಲ್ಲಲಾಗದಷ್ಟು ದುರ್ವಾಸನೆ. ಅತ್ತೆ ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಈ ಸಲ ವಾಸಿಯಾಗದಿದ್ದರೆ ತವರಿಗೇ ಕಳಿಸುವುದೆಂದು ಮಾತಾಗಿತ್ತು. ಅವಳು ಕೂತವಳೇ ಹೊಳ್ಳೆಗೆ ಕೈ ಅಡ್ಡ ಹಿಡಿದು ಹೇಳಿದಳು, "ಮೂಗುತಿ ಒಂದ್ ತೆಗೀಬೇಡಿ ಸ್ವಾಮಿ. ಅದೊಂದ್ ಬಿಟ್ಟು ಏನ್ ಬೇಕಾದ್ರೂ ಮಾಡಿ." ಹಿಂದೆ ತೋರಿಸಿದ ಕಡೆಯೆಲ್ಲ ಮೊದಲು ಅದನ್ನು ತೆಗೆ ಎಂದಿದ್ದರಂತೆ, ಅವಳು ಎದ್ದು ಬಂದಿದ್ದಳಂತೆ.

ನಾನು ತೆಗೆ ಎನ್ನಲಿಲ್ಲ. ಹೆಬ್ಬೆರಳು ತಾನಾಗಿ ಮೂಗುತಿಯ ಕಡೆ ಹೋಯಿತು. ಒಳಗೆ, ಕೆಳಗಡೆ, ಕಲ್ಲಿನಂತೆ ಬೂದು ಬಣ್ಣದ್ದೇನೋ ಕಂಡಿತು. ಹಿಂದಿನಿಂದ ಕನ್ನಡಿ ಹಿಡಿದು ನೋಡಿದೆ. ಅತ್ತ ದಾರಿ ಖಾಲಿಯಿತ್ತು. ಮರಗಟ್ಟಿಸುವ ಔಷಧಿಯ ಹತ್ತಿ ಇಟ್ಟು, ಚಿಮಟದಿಂದ ಹಿಡಿದು ಎಳೆದೆ. ಅದರ ಮೇಲಿನ ಹಕ್ಕಳೆ ಕೆರೆದು ನೋಡಿದರೆ ಏನು ಗೊತ್ತೇ ಅಕ್ಕ? ಒಂದು ತಿರುಪು. ಮದುವೆಯ ವರ್ಷ ಕಳೆದುಹೋದದ್ದಂತೆ. ಬಚ್ಚಲಲ್ಲಿ ಬಿತ್ತೆಂದುಕೊಂಡು ಬೇರೆ ಮೂಗುತಿ ಹಾಕಿಸಿಕೊಂಡಿದ್ದಳು. ಅದು ಮೂಗಿನೊಳಗೇ ಜಾರಿ ಇಷ್ಟು ವರ್ಷ ಕೂತಿತ್ತು.

ಮೊನ್ನೆ ಅವಳ ಅತ್ತೆ ಬಂದಿದ್ದರು. ಸೊಸೆಯ ಕೈಯ ಸಾರಿಲ್ಲದೆ ಮಗ ಈಗ ಊಟಕ್ಕೇ ಕೂರುವುದಿಲ್ಲವೆಂದು ದೂರುವಂತೆ ಹೇಳಿ ನಕ್ಕರು. ಅವರಿಗೆ ನಿನ್ನ ವಿಷಯ ಹೇಳಬೇಕೆನಿಸಿತು, ಆದರೆ ಮುಂದಿನ ರೋಗಿಯನ್ನು ಕರೆದುಬಿಟ್ಟೆ. ನಿನಗೆ ಹೇಳುತ್ತಿದ್ದೇನೆ. ನನ್ನ ಕೈಯಲ್ಲಿ ಏನಾದರೂ ಹದವಿದ್ದರೆ ಅದು ನೀನು ಕೊಟ್ಟದ್ದು.

ಮುಂದಿನ ತಿಂಗಳು ಕಲಿಯಲು ಒಬ್ಬ ಹೊಸ ಡಾಕ್ಟರ್ ಬರುತ್ತಾನೆ. ಮೊದಲ ದಿನ ಅವನ ಮುಂದೆ ನಾನೇ ಮಣೆ ಹಾಕಿಕೊಂಡು ಕೂರುತ್ತೇನೆ, ಅವನ ಕಿವಿ ಹಿಡಿದುಕೊಂಡು. ಇನ್ನೊಂದು ಮಾತು. ಆ ತಿರುಪನ್ನು ಎಳೆಯುವಾಗ ನನ್ನ ಎಡಗಿವಿ ನಿನ್ನ ಕೈಗಾಗಿ ಕಾಯುತ್ತಲೇ ಇತ್ತು ಅಕ್ಕ. ಅವಳಿಗೆ ನೋಯಲಿಲ್ಲ.

ನಿನ್ನ ತಮ್ಮ